ಒಂದೇ ಅಳತೆಯ ಎರಡು ಟೈರು: ಮುಂದಿನ ಚಕ್ರಕ್ಕೆ ಸರಿ, ಹಿಂದಿನದಕ್ಕೆ ಏರುವುದೇ ಇಲ್ಲ

ಪ್ರಶ್ನೆ
ಮೂರು ಗೇರಿನ ಹಳೆಯ ಸೈಕಲ್ಲೊಂದನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಹಳೆಯ ಟೈರುಗಳೆರಡರ ಮೇಲೂ 26 × 1 3/8 ಎಂದೇ ಇತ್ತು. ಅದೇ ಅಳತೆಯ ಹೊಸ ಜೋಡಿ ತಂದೆ. ಮುಂದಿನದು ಬರಿಗೈಯಲ್ಲೇ ಐದು ನಿಮಿಷಕ್ಕೆ ಕೂತಿತು. ಹಿಂದಿನದು ಮುಕ್ಕಾಲು ಪಾಲು ಒಳಗೆ ಹೋಗಿ, ಕೊನೆಯ ಒಂದು ಗೇಣು ಮಾತ್ರ ರಿಮ್ಮಿನ ಮೇಲೆ ಹತ್ತುತ್ತಿಲ್ಲ. ಎರಡು ಪ್ಲಾಸ್ಟಿಕ್ ಲಿವರ್ ಮುರಿದವು, ಟ್ಯೂಬು ಒಮ್ಮೆ ಕಚ್ಚಿಕೊಂಡು ತೂತಾಯಿತು. ಟೈರೇ ಕೆಟ್ಟದ್ದಿರಬಹುದೆಂದು ಎರಡನ್ನೂ ಅದಲುಬದಲು ಮಾಡಿ ನೋಡಿದೆ. ಯಾವ ಟೈರಾದರೂ ಮುಂದಕ್ಕೆ ಕೂರುತ್ತದೆ, ಹಿಂದಕ್ಕೆ ಕೂರುವುದಿಲ್ಲ. ಏನು ಮಾಡಲಿ?

ಮೊದಲ ಉತ್ತರ
ವಾಲ್ವಿನ ಎದುರು ಬದಿಯಿಂದ ಶುರುಮಾಡಿ, ವಾಲ್ವಿನ ಹತ್ತಿರ ಮುಗಿಸಿ. ಆಗಲೇ ಕೂತಿರುವ ಭಾಗದಲ್ಲಿ ಟೈರಿನ ಎರಡೂ ಅಂಚುಗಳನ್ನು ಹಿಚುಕಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ, ಸಡಿಲವೆಲ್ಲ ಕೊನೆಯ ಗೇಣಿನ ಕಡೆಗೆ ಸರಿಯುತ್ತದೆ. ಅಂಚಿಗೆ ಸಾಬೂನು ನೀರು ಹಚ್ಚಿ. ರಿಮ್ ಟೇಪ್ (ಕಡ್ಡಿಗಳ ತುದಿ ಟ್ಯೂಬಿಗೆ ತಾಗದಂತೆ ರಿಮ್ಮಿನೊಳಗೆ ಸುತ್ತುವ ಪಟ್ಟಿ) ದಪ್ಪವಾಗಿದ್ದರೆ ತೆಳುವಾದದ್ದು ಹಾಕಿ. ನೂರಕ್ಕೆ ತೊಂಬತ್ತು ಸಲ ತಪ್ಪಿರುವುದು ಕೈಚಳಕದಲ್ಲೇ.

ಪ್ರಶ್ನೆ ಕೇಳಿದವರು
ಎಲ್ಲ ಮಾಡಿದೆ. ಟೇಪ್ ಪೂರ್ತಿ ತೆಗೆದು, ಟ್ಯೂಬಿಲ್ಲದೆ ಬರಿಯ ಟೈರನ್ನೂ ಹತ್ತಿಸಿ ನೋಡಿದೆ. ಹೆಬ್ಬೆರಳು ಬಾತಿದೆ.

ಎರಡನೆಯ ಉತ್ತರ
ಹಾಗಾದರೆ ಉಳಿದ ಹತ್ತರಲ್ಲಿ ನೀವಿದ್ದೀರಿ. ಕಬ್ಬಿಣದ ಲಿವರ್ ಮಾತ್ರ ಕೈಗೆತ್ತಿಕೊಳ್ಳಬೇಡಿ. ಅಂಚಿನ ತಂತಿ ಒಳಗೇ ಮುರಿಯುತ್ತದೆ, ಹೊರಗೆ ಕಾಣುವುದಿಲ್ಲ, ಓಡುವಾಗ ಗೊತ್ತಾಗುತ್ತದೆ.

26 ಎಂಬುದು ರಿಮ್ಮಿನ ಅಳತೆಯಲ್ಲ. ಅದು ಗಾಳಿ ತುಂಬಿದ ಟೈರಿನ ಹೊರಸುತ್ತಿನ ಅಂದಾಜು ವ್ಯಾಸ, ಇಂಚಿನಲ್ಲಿ. ಹೊರವ್ಯಾಸ 26 ಆಗಿಯೇ ಉಳಿದು ಟೈರು ದಪ್ಪವಾಗಬೇಕಾದರೆ ರಿಮ್ಮು ಚಿಕ್ಕದಾಗಲೇಬೇಕು. ಅದಕ್ಕೇ ಹಳೆಯ ಲೆಕ್ಕದಲ್ಲಿ 26 × 1 1/4 ಟೈರಿನ ರಿಮ್ಮು 597 ಮಿಲಿಮೀಟರ್, 26 × 1 3/8 ಟೈರಿನದು 590, 26 × 1 1/2 ಟೈರಿನದು 584. ಇಲ್ಲಿಯವರೆಗೆ ಲೆಕ್ಕ ಸರಳ. ಆಮೇಲೆ ಒಂದೇ ರಿಮ್ಮಿಗೆ ತೆಳು ಟೈರು, ದಪ್ಪ ಟೈರು ಎಲ್ಲವೂ ಬಂದವು. ಹೆಸರು ಒಂದು ದಾರಿ ಹಿಡಿಯಿತು, ಅಳತೆ ಇನ್ನೊಂದು ದಾರಿ. ಮೌಂಟನ್ ಬೈಕಿನ 26 × 1.75 ಕೂರುವುದು 559ರ ರಿಮ್ಮಿನ ಮೇಲೆ. ಗಣಿತದಲ್ಲಿ ಅದಕ್ಕೆ ಸಮವಾದ 26 × 1 3/4 ಕೂರುವುದು 571ರ ಮೇಲೆ. ಇದನ್ನು ಮೊದಲ ಸಲ ಓದಿದಾಗ ನಾನು ಮುದ್ರಣದೋಷ ಎಂದುಕೊಂಡಿದ್ದೆ.

ನಂಬಬೇಕಾದದ್ದು ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರದ ಗುರುತನ್ನು. ಇಟಿಆರ್‌ಟಿಒ ಅಳತೆ ಎಂದೂ ಕರೆಯುತ್ತಾರೆ. ಟೈರಿನ ಪಕ್ಕೆಯಲ್ಲಿ 37-590 ಎಂಬಂತೆ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಅಂಚಿನ ತಂತಿ ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. ಮೊದಲನೆಯದು ಸ್ವಲ್ಪ ಆಚೀಚೆಯಾದರೂ ನಡೆಯುತ್ತದೆ, ಎರಡನೆಯದು ಕೂದಲೆಳೆಯಷ್ಟೂ ಬದಲಾಗಬಾರದು.

ನಿಮ್ಮ ಎರಡೂ ರಿಮ್ಮುಗಳನ್ನು ಅಳೆಯಿರಿ. ವ್ಯಾಸವನ್ನು ನೇರವಾಗಿ ಅಳೆಯಲು ಹೋದರೆ ಹಬ್ಬು ಅಡ್ಡ ಬರುತ್ತದೆ, ಟೇಪು ಓರೆಯಾಗುತ್ತದೆ. ಅದರ ಬದಲು ಬಟ್ಟೆ ಹೊಲಿಯುವವರ ಟೇಪನ್ನು ರಿಮ್ಮಿನ ಹೊರ ಅಂಚಿನ ಮೇಲೆ ಸುತ್ತಿ ಸುತ್ತಳತೆ ತೆಗೆದುಕೊಳ್ಳಿ. ಟೇಪು ಸಾಲದಿದ್ದರೆ ಹಿಗ್ಗದ ದಾರ ಸುತ್ತಿ ಗುರುತು ಮಾಡಿ. ಅದನ್ನು 3.1416ರಿಂದ ಭಾಗಿಸಿ. ಆಮೇಲೆ ಅಂಚಿನ ತುದಿಯಿಂದ ತಂತಿ ಕೂರುವ ಮೆಟ್ಟಿಲಿನವರೆಗಿನ ಆಳವನ್ನು ಕ್ಯಾಲಿಪರಿನ ಹಿಂಬದಿಯ ಕಡ್ಡಿಯಿಂದ ನೋಡಿ, ಅದರ ಎರಡರಷ್ಟನ್ನು ಕಳೆಯಿರಿ. ಸುತ್ತಳತೆಯಲ್ಲಿ ಮೂರು ಮಿಲಿಮೀಟರ್ ತಪ್ಪಿದರೂ ವ್ಯಾಸದಲ್ಲಿ ತಪ್ಪುವುದು ಒಂದೇ.

ಪ್ರಶ್ನೆ ಕೇಳಿದವರು
ಮುಂದಿನದು 1890, ಹಿಂದಿನದು 1914. ಆಳ ಎರಡರಲ್ಲೂ 6. ಲೆಕ್ಕ ಹಾಕಿದರೆ ಮುಂದಿನದು 589.6, ಹಿಂದಿನದು 597.2. ನಂಬಲಾಗದೆ ಮೂರು ಸಲ ಅಳೆದೆ. ಟೈರಿನ ಪಕ್ಕೆ ನೋಡಿದರೆ ಹೊಸವೆರಡೂ 37-590. ಹಿಂದಿನ ರಿಮ್ಮಿನ ತುಕ್ಕು ಉಜ್ಜಿದಾಗ ವಾಲ್ವಿನ ಪಕ್ಕದಲ್ಲಿ ಎಸ್-6 ಎಂಬ ಅಚ್ಚು ಕಾಣಿಸಿತು.

ಎರಡನೆಯ ಉತ್ತರ
ಕಥೆ ಬಯಲಾಯಿತು. ಎಸ್-6 ಎಂಬುದು ಅಮೆರಿಕದ ಶ್ವಿನ್ ಕಂಪನಿಯ ಗುರುತು. ಅವರ 26 × 1 3/8 ಕೂರುವುದು 597ರ ಮೇಲೆ. ಹಿಂದಿನ ಚಕ್ರ ಮೂಲದ್ದು. ಮುಂದಿನದನ್ನು ಯಾರೋ ಯಾವಾಗಲೋ 590ರ ಚಕ್ರಕ್ಕೆ ಬದಲಿಸಿದ್ದಾರೆ. ಟೈರಿನ ಮೇಲಿನ ಹೆಸರು ಒಂದೇ ಆದದ್ದರಿಂದ ಯಾರಿಗೂ ಅನುಮಾನ ಬಂದಿಲ್ಲ.

ನಿಮ್ಮ ಅದೃಷ್ಟಕ್ಕೆ ತಪ್ಪು ಈ ದಿಕ್ಕಿನಲ್ಲಿದೆ. 597ರ ಟೈರನ್ನು 590ರ ರಿಮ್ಮಿಗೆ ಹಾಕಿದ್ದರೆ ಸಲೀಸಾಗಿ ಕೂರುತ್ತಿತ್ತು, ನೀವು ಖುಷಿಪಡುತ್ತಿದ್ದಿರಿ. ಗಾಳಿ ಹೊಡೆಯುತ್ತಿದ್ದಂತೆ ಒಂದು ಕಡೆ ಅಂಚು ಎದ್ದು, ಟ್ಯೂಬು ಹೊರಗೆ ಉಬ್ಬಿ ಢಬ್ ಎನ್ನುತ್ತಿತ್ತು. ರಸ್ತೆಯಲ್ಲಿ ಹಾಗಾದರೆ ನಗುವ ವಿಷಯವಲ್ಲ.

ಹಿಂದಿನದಕ್ಕೆ 37-597 ಎಂದೇ ಹುಡುಕಿ. ಬರಿಯ 26 × 1 3/8 ಎಂದು ಕೇಳಿದರೆ ಮತ್ತೆ 590 ಬರುತ್ತದೆ. ಟ್ಯೂಬು ಹಿಗ್ಗುವ ವಸ್ತು, 590ರದ್ದೇ ಸಾಕು. ವಾಲ್ವು ಮಾತ್ರ ರಿಮ್ಮಿನ ತೂತಿಗೆ ಹೊಂದಬೇಕು.

ಮೂರನೆಯ ಉತ್ತರ
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ರಾಡ್ ಬ್ರೇಕಿನ ದೊಡ್ಡ ಸೈಕಲ್, 28 × 1 1/2. ಈಗ ಸಿಗುವ 28 ಇಂಚಿನ ಟೈರು ಆಗುತ್ತದೆಯೇ?

ಎರಡನೆಯ ಉತ್ತರ
ಆಗುವುದಿಲ್ಲ. ನಿಮ್ಮದು 635. ಈಗ 28 ಎಂದು ಮಾರುವುದು ಹೆಚ್ಚಾಗಿ 622, ಅಂದರೆ 700ಸಿ. ಪಕ್ಕೆಯಲ್ಲಿ 40-635 ಎಂದಿದ್ದರೆ ತೆಗೆದುಕೊಳ್ಳಿ. 27 × 1 1/4 ಇನ್ನೂ ಬೇರೆ, ಅದು 630. ಐದೇ ಮಿಲಿಮೀಟರ್ ಎಂದು ಬಲವಂತ ಮಾಡಬೇಡಿ.

ಪ್ರಶ್ನೆ ಕೇಳಿದವರು
37-597 ಬಂತು. ಲಿವರ್ ಮುಟ್ಟದೆ ಹತ್ತಿತು. ಅರ್ಧ ಗಾಳಿ ಹೊಡೆದು ಚಕ್ರ ತಿರುಗಿಸಿ ನೋಡಿದೆ: ಅಂಚಿನ ಮೇಲಿನ ತೆಳು ಗೆರೆ ಒಂದು ಕಡೆ ರಿಮ್ಮಿನೊಳಗೆ ಮುಳುಗಿತ್ತು. ಗಾಳಿ ಬಿಟ್ಟು, ಅಲ್ಲಿ ಸಾಬೂನು ನೀರು ಹಚ್ಚಿ ಮತ್ತೆ ಹೊಡೆದೆ. ಸುತ್ತಲೂ ಸಮವಾಗಿ ಮೇಲೆ ಬಂತು. ಇಷ್ಟು ದಿನ ಮುಂದಿನ ಬ್ರೇಕ್ ರಬ್ಬರುಗಳು ಹಿಂದಿನವಕ್ಕಿಂತ ಕೆಳಗೆ ಇಳಿದಿದ್ದುದೇಕೆಂದು ಈಗ ಗೊತ್ತಾಯಿತು. ಮುಂದಿನ ರಿಮ್ಮಿನ ಟೇಪಿನ ಮೇಲೆ 590, ಹಿಂದಿನದರ ಮೇಲೆ 597 ಎಂದು ಮಾರ್ಕರಿನಲ್ಲಿ ಬರೆದೇ ಟೈರು ಮುಚ್ಚಿದ್ದೇನೆ.