ಧ್ವನಿಗಳು ನಿಂತಿವೆ, ತಮ್ಮ ಮಾತ್ರ ಹಾಸಿಗೆ ಬಿಟ್ಟು ಏಳುತ್ತಿಲ್ಲ: ಅನುಭವವಿದ್ದವರು ದಯವಿಟ್ಟು ತಿಳಿಸಿ

ದಾವಣಗೆರೆಯ ಅಕ್ಕ:
ನನ್ನ ತಮ್ಮನಿಗೆ 29 ವರ್ಷ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಐದು ವರ್ಷಗಳಿಂದ ಓಲಾಂಜಪಿನ್ ಔಷಧ ತೆಗೆದುಕೊಳ್ಳುತ್ತಿದ್ದಾನೆ. ಬೇರೆ ಯಾರಿಗೂ ಕೇಳಿಸದ, ಅವನನ್ನು ಬೈಯುತ್ತಿದ್ದ ಧ್ವನಿಗಳು ನಿಂತಿವೆ. ಆದರೆ ತೂಕ 61 ಕಿಲೋದಿಂದ 84ಕ್ಕೆ ಏರಿದೆ, ಬೆಳಿಗ್ಗೆ ಹನ್ನೊಂದಾದರೂ ಏಳುವುದಿಲ್ಲ, ಗೆಳೆಯರೆಲ್ಲ ದೂರವಾಗಿದ್ದಾರೆ. ವಸತಿ ಪುನರ್ವಸತಿ ಕೇಂದ್ರಕ್ಕೆ ಸೇರಿಸೋಣ ಎಂದು ಅಪ್ಪ ಹೇಳುತ್ತಾರೆ, ಅಮ್ಮ ಒಪ್ಪುತ್ತಿಲ್ಲ. ಇಂಥ ಸ್ಥಿತಿಯಲ್ಲಿ ನೀವೇನು ಮಾಡಿದಿರಿ?

ಸಾಗರದ ತಾಯಿ:
ನನ್ನ ಮಗನನ್ನು ಹದಿನಾಲ್ಕು ವರ್ಷಗಳಿಂದ ಮನೆಯಲ್ಲಿಯೇ ನೋಡಿಕೊಂಡಿದ್ದೇನೆ, ಅದಕ್ಕಾಗಿ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಎರಡು ಔಷಧಗಳು ನಾಟದೆ ಹೋದ ಮೇಲೆ ಅವನಿಗೆ ಕ್ಲೋಜಪಿನ್ ಶುರು ಮಾಡಿದರು. ಬಿಳಿ ರಕ್ತಕಣ ಕುಸಿಯಬಹುದೆಂಬ ಕಾರಣಕ್ಕೆ ಮೊದಲ 18 ವಾರ ಪ್ರತಿ ವಾರವೂ ರಕ್ತಪರೀಕ್ಷೆ. ಪರೀಕ್ಷೆಗೆ 250, ಇಬ್ಬರ ಬಸ್ಸಿಗೆ 320, ತಿಂಡಿಗೆ 80, ಹೀಗೆ ಸಲಕ್ಕೆ 650ರಂತೆ ಒಟ್ಟು 11,700 ರೂಪಾಯಿ ಖರ್ಚಾದುದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಆ ಔಷಧದಿಂದ ರಾತ್ರಿಯಿಡೀ ಜೊಲ್ಲು ಸುರಿದು ದಿಂಬು ಹುಳಿ ವಾಸನೆ ಬರುತ್ತಿತ್ತು; ಅವರಪ್ಪನ ಹಳೆಯ ಪಂಚೆಗಳನ್ನು ಹರಿದು ಒಂಬತ್ತು ದಿಂಬಿನ ಚೀಲ ಹೊಲಿದೆ. ಅದರಿಂದಲೇ ಆಗುವ ಮಲಬದ್ಧತೆ ಎಷ್ಟು ಅಪಾಯಕಾರಿ ಎಂಬುದನ್ನು ಮಾತ್ರ ನಮಗೆ ಯಾರೂ ಒತ್ತಿ ಹೇಳಿರಲಿಲ್ಲ. ಆರು ದಿನ ಹೊಟ್ಟೆ ಕಟ್ಟಿ, ವಾಂತಿಯಾಗಿ, ಖಾಸಗಿ ಆಸ್ಪತ್ರೆಯಲ್ಲಿ 23,400 ರೂಪಾಯಿ ತೆತ್ತೆವು. ಈಗ ಅಡಿಕೆ ಸುಗ್ಗಿಯಲ್ಲಿ ಅವನು ಪಕ್ಕದ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುತ್ತಾನೆ. ಉಳಿದವರು ನಾಲ್ಕು ಡಬ್ಬ ಸುಲಿಯುವಷ್ಟರಲ್ಲಿ ಇವನದು ಎರಡು ಡಬ್ಬ. ಆ ಹಣ ಅವನ ಜೇಬಿನಲ್ಲಿಯೇ ಇರುತ್ತದೆ, ನಾನು ಮುಟ್ಟುವುದಿಲ್ಲ. ಯಾವ ಕೇಂದ್ರವೂ ಇದನ್ನು ಕೊಡಲಾರದು.

ಮೈಸೂರಿನ ನಿವೃತ್ತ ಉಪನ್ಯಾಸಕ:
ಈ ತಾಯಿಯ ಶ್ರಮದ ಬಗ್ಗೆ ಗೌರವವಿದೆ. ಆದರೆ ತಾವು ಕಣ್ಣು ಮುಚ್ಚಿದ ಮರುದಿನ ಮಗನಿಗೆ ಬಡಿಸುವವರು ಯಾರು ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ನನ್ನ ಮಗಳನ್ನು ಕೇಂದ್ರಕ್ಕೆ ಸೇರಿಸಿದ್ದು ಆ ಪ್ರಶ್ನೆ ನಿದ್ದೆಗೆಡಿಸಿದ್ದರಿಂದ. ಮೊದಲನೆಯ ಕೇಂದ್ರದಲ್ಲಿ ಮುಂಗಡ 50,000, ತಿಂಗಳಿಗೆ 18,000, ಬಟ್ಟೆ ಒಗೆಯಲು ಬೇರೆ 900. ಅಲ್ಲಿ ಹೇನಿನ ನೆಪ ಹೇಳಿ, ಅವಳನ್ನೊಂದು ಮಾತೂ ಕೇಳದೆ, ಸೊಂಟದವರೆಗಿದ್ದ ಜಡೆಯನ್ನು ಕತ್ತರಿಸಿದರು. ಬಲವಂತವಾಗಿ ತಲೆ ಬೋಳಿಸುವಂತಿಲ್ಲವೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆಂದು ನಾನು ಬರೆದು ಕೊಟ್ಟಾಗ, ಬೋಳಿಸಿಲ್ಲ, ಕತ್ತರಿಸಿದ್ದೇವೆ ಎಂಬ ಉತ್ತರ ಬಂತು. ಮುಂಗಡ ಇಂದಿಗೂ ಮರಳಿಲ್ಲ. ಎರಡನೆಯ ಕೇಂದ್ರ ಚಿಕ್ಕದು. ಅಲ್ಲಿ ಅವಳು ಒಬ್ಬಳೇ ಬಸ್ಸು ಹತ್ತಿ ತರಕಾರಿ ತರುವುದನ್ನು ಕಲಿತಿದ್ದಾಳೆ. ನನ್ನ ನಂತರ ಅವಳಿಗೆ ಕುಟುಂಬ ಪಿಂಚಣಿ ಬರುವಂತೆ ಹೆಸರು ಸೇರಿಸಲು ಹದಿನೇಳು ತಿಂಗಳು ಅಲೆದೆ. ಪ್ರೀತಿಯೊಂದೇ ಸಾಲದು, ಕಾಗದಪತ್ರ ಬೇಕು.

ಹುಬ್ಬಳ್ಳಿಯ ಗಂಡ:
ಮನೆಯೋ ಕೇಂದ್ರವೋ ಎಂಬುದಕ್ಕಿಂತ ನಂಬಿಕೆ ಮುಖ್ಯವೆಂಬುದು ನನಗೆ ತಡವಾಗಿ ತಿಳಿಯಿತು. ಹೆಂಡತಿ ಮಾತ್ರೆ ನುಂಗುತ್ತಿರಲಿಲ್ಲವೆಂದು ಎರಡು ವರ್ಷ ರಿಸ್ಪೆರಿಡೋನ್ ದ್ರವವನ್ನು ಮಜ್ಜಿಗೆಯಲ್ಲಿ ಬೆರೆಸಿ ಕೊಟ್ಟೆ. ಒಂದು ದಿನ ಜೋಳದ ಡಬ್ಬಿಯ ಹಿಂದೆ ಬಾಟಲಿ ಅವಳ ಕೈಗೆ ಸಿಕ್ಕಿತು. ಯಾರೋ ವಿಷ ಹಾಕುತ್ತಿದ್ದಾರೆಂಬ ಅವಳ ಭ್ರಮೆಗೆ ನಾನೇ ಸಾಕ್ಷಿ ಒದಗಿಸಿದಂತಾಯಿತು. ಏಳು ತಿಂಗಳು ನಾನು ಮುಟ್ಟಿದ್ದನ್ನು ಅವಳು ತಿನ್ನಲಿಲ್ಲ. ಈಗ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ನಲ್ಲಿ ನಾಲ್ಕು ವಾರಕ್ಕೊಮ್ಮೆ ಇಂಜೆಕ್ಷನ್ ಅನ್ನು ಅವಳೇ ಒಪ್ಪಿ ಹಾಕಿಸಿಕೊಳ್ಳುತ್ತಾಳೆ. ಮಜ್ಜಿಗೆಯನ್ನು ಮಾತ್ರ ಇಂದಿಗೂ ಕುಡಿಯುವುದಿಲ್ಲ.

ಕಲಬುರಗಿಯ ಅಣ್ಣ:
ಬೆರೆಸಿ ಕೊಡುವುದು ಪಾಪವೆಂಬಂತೆ ಬರೆಯಬೇಡಿ, ನಾನೂ ಹಾಗೆಯೇ ಕೊಡುತ್ತೇನೆ. ನನ್ನ ತಮ್ಮ ಔಷಧ ಬಿಟ್ಟು ಮೂರು ತಿಂಗಳು ಕಾಣೆಯಾಗಿ, ಸೊಲ್ಲಾಪುರದ ರೈಲು ನಿಲ್ದಾಣದಲ್ಲಿ ಕಾಲಿನ ಹುಣ್ಣಿನೊಂದಿಗೆ ಸಿಕ್ಕಿದ. ಹುಡುಕಾಟಕ್ಕೆ 40,000 ಸಾಲ ಮಾಡಿದೆ. ಅಂಥ ರಾತ್ರಿಗಳನ್ನು ಕಾಣದವರಿಗೆ ಒಪ್ಪಿಗೆಯ ಪಾಠ ಹೇಳುವುದು ಸುಲಭ.

ಹುಬ್ಬಳ್ಳಿಯ ಗಂಡ:
ನಾನು ಯಾರಿಗೂ ಪಾಠ ಹೇಳಿಲ್ಲ, ನಾನು ಕಳೆದುಕೊಂಡದ್ದನ್ನು ಹೇಳಿದ್ದೇನೆ. ನಿಮ್ಮ ತಮ್ಮನ ಕೈಗೆ ಬಾಟಲಿ ಸಿಕ್ಕಿಲ್ಲ, ಅಷ್ಟೇ ವ್ಯತ್ಯಾಸ.

ಬೆಂಗಳೂರಿನವನು:
ನಾನು ಇದೇ ಕಾಯಿಲೆಯಿರುವವನು. ಇಷ್ಟು ಹೊತ್ತು ನೀವೆಲ್ಲ ನಮ್ಮ ಬಗ್ಗೆ ಮಾತನಾಡಿದ್ದೀರಿ. ಅಕ್ಕ, ನಿಮ್ಮ ತಮ್ಮನಿಗೆ ಏನು ಬೇಕೆಂದು ಅವನನ್ನು ಕೇಳಿದ ಸುದ್ದಿ ನಿಮ್ಮ ಬರಹದಲ್ಲಿಲ್ಲ. ನಾನೂ ಮಧ್ಯಾಹ್ನದವರೆಗೆ ಮಲಗುತ್ತಿದ್ದೆ. ಎಚ್ಚರವಾಗುತ್ತಿತ್ತು, ಒದ್ದೆ ಕಂಬಳಿ ಹೊದಿಸಿದಂತೆ ಕೈಕಾಲು ಏಳುತ್ತಿರಲಿಲ್ಲ. ಮನೆಯವರು ಅದನ್ನು ಸೋಮಾರಿತನ ಎಂದರು. ನಾನೇ ವೈದ್ಯರಿಗೆ ಹೇಳಿದ ಮೇಲೆ ಅವರು ರಾತ್ರಿ ಹತ್ತರ ಮಾತ್ರೆಯನ್ನು ಏಳೂವರೆಗೆ ತಂದರು, ಐದು ತಿಂಗಳಲ್ಲಿ ಪ್ರಮಾಣವನ್ನೂ ಸ್ವಲ್ಪ ಇಳಿಸಿದರು. ಈಗ ಸಸ್ಯಕ್ಷೇತ್ರವೊಂದರಲ್ಲಿ ದಿನಕ್ಕೆ ನಾಲ್ಕು ಗಂಟೆ ಕೆಲಸ. ಧ್ವನಿಗಳು ಪೂರ್ತಿ ಹೋಗಿಲ್ಲ, ಗಿಡಗಳಿಗೆ ನೀರು ಹಾಕುವಾಗ ಗೊಣಗುತ್ತಿರುತ್ತವೆ. ಆದರೂ ಪೂರ್ತಿ ಮೌನವಾಗಿದ್ದ ಆ ಮಂಪರಿನ ವರ್ಷಗಳಿಗಿಂತ ಇದು ನನಗೆ ಎಷ್ಟೋ ಮೇಲು. ಮನೆಯ ಬೀಗದ ಕೈಯೊಂದು ಈಗ ನನ್ನ ಬಳಿಯೂ ಇದೆ.

ಸಾಗರದ ತಾಯಿ:
ಉಪನ್ಯಾಸಕರೇ, ನನ್ನಲ್ಲಿ ಉತ್ತರವಿಲ್ಲವೆಂದು ನೀವು ಸಾರ್ವಜನಿಕವಾಗಿ ಬರೆದದ್ದು ನನಗೆ ನೋವು ತಂದಿದೆ, ಅದನ್ನು ಮರೆಯುವುದಿಲ್ಲ. ನನ್ನ ಪತಿ ಸರ್ಕಾರಿ ಶಾಲೆಯಿಂದ ನಿವೃತ್ತರಾದವರು. ಕುಟುಂಬ ಪಿಂಚಣಿಗೆ ನಿಮ್ಮ ಮಗಳ ಹೆಸರು ಸೇರಿಸಲು ಯಾವ ಯಾವ ಪ್ರಮಾಣಪತ್ರ ಕೊಟ್ಟಿರಿ, ಮೊದಲು ಯಾವ ಕಚೇರಿಗೆ ಹೋದಿರಿ ಎಂಬುದನ್ನು ದಯವಿಟ್ಟು ಇಲ್ಲಿಯೇ ಬರೆಯಿರಿ.