ರಾತ್ರಿ ಮಗಳಿಗೆ ಹಿಂದೆ ತುರಿಕೆ, ಬಿಳಿ ಹುಳು ಕಾಣಿಸಿತು. ಏನು ಮಾಡಲಿ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗಳಿಗೆ ನಾಲ್ಕು ವರ್ಷ. ಹಗಲೆಲ್ಲ ಆರಾಮಾಗಿ ಆಡಿಕೊಂಡಿರುತ್ತಾಳೆ, ರಾತ್ರಿ ಮಲಗಿದ ಸ್ವಲ್ಪ ಹೊತ್ತಿಗೆ ಹಿಂದೆ ತುರಿಸಿಕೊಂಡು ಅಳುತ್ತಾಳೆ. ನಿನ್ನೆ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಬಿಳಿ ದಾರದ ಚೂರಿನಂಥ ಹುಳು ಹರಿದಾಡುತ್ತಿತ್ತು! ಹೋದ ತಿಂಗಳಷ್ಟೇ ಅಂಗನವಾಡಿಯಲ್ಲಿ ಜಂತುಹುಳು ಮಾತ್ರೆ ಕೊಟ್ಟಿದ್ದರು. ಬೆಲ್ಲ ಜಾಸ್ತಿ ತಿಂದದ್ದಕ್ಕೇ ಹೀಗೆ ಅಂತಾರೆ ಅತ್ತೆ.

ಉತ್ತರ: ಟಾರ್ಚ್ ಹಾಕಿ ನೋಡಿದ್ದು ಒಳ್ಳೆಯದಾಯಿತು, ಹಗಲು ಹುಡುಕಿದರೆ ಇದು ಸಿಗುವುದು ಕಷ್ಟ. ಇದು ಪಿನ್‌ವರ್ಮ್. ಹೆಣ್ಣು ಹುಳು ರಾತ್ರಿ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ, ಅದಕ್ಕೇ ಆ ಹೊತ್ತಿಗೆ ತುರಿಕೆ. ಮಗು ಕೆರೆದುಕೊಂಡಾಗ ಮೊಟ್ಟೆ ಉಗುರಿನ ಸಂದಿಗೆ ಸೇರುತ್ತದೆ, ಬೆಳಿಗ್ಗೆ ಅದೇ ಬೆರಳು ಬಾಯಿಗೆ ಹೋಗುತ್ತದೆ. ಬೆಲ್ಲದ್ದೇನೂ ತಪ್ಪಿಲ್ಲ.

ಅಂಗನವಾಡಿಯಲ್ಲಿ ಕೊಡುವ ಅಲ್ಬೆಂಡಜೋಲ್ ಒಳ್ಳೆಯ ಮಾತ್ರೆಯೇ, ಆದರೆ ಅದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹಾಗಾಗಿ ಇದಕ್ಕೆ ಒಂದು ಸಲ ಸಾಲದು, ಎರಡು ವಾರ ಬಿಟ್ಟು ಇನ್ನೊಮ್ಮೆ ಬೇಕು. 2 ವರ್ಷ ದಾಟಿದವರಿಗೆ 400 ಮಿ.ಗ್ರಾಂ. ಹತ್ತಿರದ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಿ, ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಸ್ನಾನ ಸಂಜೆ ಬೇಡ, ಬೆಳಿಗ್ಗೆ ಎದ್ದ ಕೂಡಲೇ ಮಾಡಿಸಿ. ರಾತ್ರಿ ಇಟ್ಟ ಮೊಟ್ಟೆ ತೊಳೆದು ಹೋಗಬೇಕಲ್ವಾ. ಉಗುರು ಚಿಕ್ಕದಾಗಿ ಕತ್ತರಿಸಿ, ಚಡ್ಡಿ ದಿನಾ ಬದಲಿಸಿ. ಬೆಡ್‌ಶೀಟ್ ಬಿಸಿನೀರಲ್ಲಿ ಒಗೆಯಿರಿ, ಆದರೆ ದಯವಿಟ್ಟು ಕೊಡವಬೇಡಿ, ಮೊಟ್ಟೆ ಕೋಣೆಯೆಲ್ಲ ಹರಡುತ್ತದೆ, ಎರಡು ಮೂರು ವಾರ ಹಾಗೇ ಬದುಕಿರುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ನನಗೀಗ ಎರಡೂವರೆ ತಿಂಗಳು, ನಾನೂ ಮಾತ್ರೆ ತಗೊಳ್ಳಬಹುದಾ? ಇವಳು ನಿದ್ದೆಯಲ್ಲಿ ಹಲ್ಲು ಕಡಿಯುವುದೂ ಇದರಿಂದಲೇನಾ?

ಉತ್ತರ: ನೀವು ಖಂಡಿತ ತಗೋಬೇಡಿ. ಬಸಿರಿನ ಮೊದಲ 3 ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡುವುದಿಲ್ಲ. ನಿಮ್ಮನ್ನು ನೋಡುವ ಡಾಕ್ಟರಿಗೆ ವಿಷಯ ತಿಳಿಸಿ, ಅಲ್ಲಿಯವರೆಗೆ ಕೈ ತೊಳೆಯುವುದು, ಉಗುರು, ಬೆಳಗಿನ ಸ್ನಾನ ಇಷ್ಟನ್ನು ಬಿಡದೆ ಪಾಲಿಸಿ. ಹಲ್ಲು ಕಡಿಯುವುದು ಹುಳು ಇಲ್ಲದ ಮಕ್ಕಳಲ್ಲೂ ಇರುತ್ತದೆ, ಅದೊಂದೇ ಕಾರಣಕ್ಕೆ ಸುಮ್ನೆ ಮಾತ್ರೆ ಕೊಡಬೇಡಿ. ಹೆಣ್ಣು ಮಕ್ಕಳಲ್ಲಿ ಕೆಲವೊಮ್ಮೆ ಹುಳು ಮುಂದಕ್ಕೂ ಹೋಗುತ್ತದೆ. ಮೂತ್ರ ಮಾಡುವಾಗ ಉರಿ ಅಂದರೆ, ಅಥವಾ ಮುಂದೆಯೂ ಕೆರೆದುಕೊಂಡರೆ, ಎರಡನೇ ಡೋಸ್‌ಗೆ ಕಾಯದೆ ಕರೆದುಕೊಂಡು ಹೋಗಿ ತೋರಿಸಿ.