ಭಾನುವಾರದ ಪ್ರಶ್ನೋತ್ತರ: ಡಾಕ್ಟರ ಪರೀಕ್ಷೆಯಲ್ಲಿ ರೋಗಿಯೂ ಅಂಕ ಹಾಕಬಹುದೆ?

ಅಡ್ಮಿನ್: ಇವತ್ತು ಉತ್ತರಿಸುವವರು ನಮ್ಮ ಮೇಷ್ಟ್ರು ಡಾಕ್ಟ್ರು. ಮೆಡಿಸಿನ್ ಪ್ರೊಫೆಸರಾಗಿ ನಿವೃತ್ತರು, ಎಂಬಿಬಿಎಸ್, ಎಂಡಿ ಪರೀಕ್ಷಕರಾಗಿ ರಾಜ್ಯವೆಲ್ಲ ಸುತ್ತಿದವರು. ವಿಷಯ: ವೈದ್ಯರ ಕ್ಲಿನಿಕಲ್ ಪರೀಕ್ಷೆಗಳಲ್ಲಿ ಡಾಕ್ಟರಲ್ಲದವರ ಪಾತ್ರ. ವಿಷಯ ಬಿಟ್ಟು ಹೋಗಬೇಡಿ. ಫಾರ್ವರ್ಡ್ ಹಾಕಲೇಬೇಡಿ.

ಕೆರೆ ಏರಿ: ಸರ್, ಡಾಕ್ಟರಿಗೆ ಅಂಕ ಕೊಡೋಕೆ ಜನಸಾಮಾನ್ಯರಿಗೆ ಏನು ಗೊತ್ತು? ಎಲ್ಲಾದರೂ ಹೀಗೆ ನಡೀತದಾ?

ಡಾಕ್ಟ್ರು: ನಡೆಯುತ್ತದೆ. ಅಮೆರಿಕದ ಲೈಸೆನ್ಸ್ ಪರೀಕ್ಷೆಯಲ್ಲಿ 2004ರಿಂದ ಸ್ಟೆಪ್ 2 ಸಿಎಸ್ ಅಂತ ಒಂದಿತ್ತು. 12 ರೋಗಿಗಳು, ಒಬ್ಬೊಬ್ಬರಿಗೆ 15 ನಿಮಿಷ. ಎಲ್ಲರೂ ತರಬೇತಿ ಪಡೆದ ಪಾತ್ರಧಾರಿಗಳು. ಕೋಣೆಯಲ್ಲಿ ಪರೀಕ್ಷಕ ಡಾಕ್ಟರೇ ಕೂರುತ್ತಿರಲಿಲ್ಲ. ಅಭ್ಯರ್ಥಿ ಏನು ಕೇಳಿದ, ಎಲ್ಲಿ ಮುಟ್ಟಿ ನೋಡಿದ, ಹೇಗೆ ಮಾತಾಡಿದ ಎಂದು ಗುರುತು ಹಾಕುತ್ತಿದ್ದವರು ಆ ಪಾತ್ರಧಾರಿಗಳೇ. ಅವನು ರೋಗಿಯ ಬಗ್ಗೆ ಬರೆದ ನೋಟ್ ಮಾತ್ರ ಡಾಕ್ಟರರ ಕೈಗೆ ಹೋಗುತ್ತಿತ್ತು. ಬ್ರಿಟನ್ನಿನಲ್ಲಿ ಹೆರಿಗೆ, ಸ್ತ್ರೀರೋಗ ಡಾಕ್ಟರಿಗಿರುವ ಎಂಆರ್‌ಸಿಒಜಿ ಪರೀಕ್ಷೆಯ ಮೂರನೇ ಭಾಗದಲ್ಲಿ 14 ಟಾಸ್ಕ್ ಇವೆ. ಕೆಲವದರಲ್ಲಿ ಡಾಕ್ಟರಲ್ಲದ ಪರೀಕ್ಷಕರೂ ಕೂತು ಅಂಕ ಕೊಡುತ್ತಾರೆ. ಹೆರಿಗೆ ಡಾಕ್ಟರು ಕೆಟ್ಟ ಸುದ್ದಿಯನ್ನು ಹೇಗೆ ಹೇಳಿದರು ಅನ್ನುವುದಕ್ಕೆ ಇನ್ನೊಬ್ಬ ಡಾಕ್ಟರೇ ಯಾಕೆ ಸಾಕ್ಷಿ ಬೇಕು?

ಎಗ್ಸಾಂ ಟೆನ್ಷನ್: ಸರ್, ಸ್ಟೆಪ್ 2 ಸಿಎಸ್‌ಗೆ ಈಗ ಫೀಸ್ ಎಷ್ಟು?

ಡಾಕ್ಟ್ರು: ಆ ಪರೀಕ್ಷೆಯೇ ಇಲ್ಲ. ಕೋವಿಡ್ ಬಂದಾಗ 2020ರಲ್ಲಿ ನಿಲ್ಲಿಸಿದರು, 2021ರ ಜನವರಿಯಲ್ಲಿ ಕೈಬಿಟ್ಟರು.

ಹೌಸ್‌ಸರ್ಜನ್: ಮರ್ಯಾದೆಯಿಂದಲೇ ಹೇಳ್ತೀನಿ ಸರ್. ಐದೂವರೆ ವರ್ಷ ಓದಿ ಬಂದವನನ್ನು ಮರ್ಮರ್ (ಹೃದಯದ ಅಸಹಜ ಸದ್ದು) ಅಂದ್ರೇನು ಅಂತ ಗೊತ್ತಿಲ್ಲದವರು ಫೇಲ್ ಮಾಡೋದಾ? ನಕ್ಕವನಿಗೆ ಹತ್ತು, ನಗದವನಿಗೆ ಎರಡು. ಅಷ್ಟೇ ಆಗೋದು.

ತವರಿನ ದಾರಿ: ತಮ್ಮಾ, ನಮ್ಮ ಅತ್ತೆಯ ಹೊಟ್ಟೆ ಮೇಲೆ ಏಳು ಜನ ಕೈ ಇಟ್ಟು ಹೋದ್ರು. ಒಬ್ಬರೂ ಹೆಸರು ಹೇಳಲಿಲ್ಲ, ಪರದೆ ಎಳೀಲಿಲ್ಲ. ಇದನ್ನ ಹೇಳೋಕೆ ಮರ್ಮರ್ ಓದಬೇಕಾ?

ಹೌಸ್‌ಸರ್ಜನ್: ಒಂದು ಓಪಿಡಿಯಲ್ಲಿ 150 ಜನ ನೋಡಿ ಆಮೇಲೆ ಪರದೆ ಬಗ್ಗೆ ಮಾತಾಡಿ ಮೇಡಂ.

ನೇಪಥ್ಯ: ಡಾಕ್ಟ್ರೇ, ನಾನು ಹವ್ಯಾಸಿ ನಾಟಕದವಳು, 46 ವರ್ಷ. ಒಂದು ಮೆಡಿಕಲ್ ಕಾಲೇಜಿನ ಓಸ್ಕಿಗೆ (ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಚೆಕ್‌ಲಿಸ್ಟ್ ಹಿಡಿದು ನಡೆಸುವ ಕ್ಲಿನಿಕಲ್ ಪರೀಕ್ಷೆ) ರೋಗಿ ಪಾತ್ರ ಮಾಡಲು ಕರೆಯುತ್ತಾರೆ. ಹೋದ ವಾರ ನನ್ನ ಪಾತ್ರ: ಎದೆ ಡವಡವ, ಮೈ ಇಳಿದಿದೆ, ಕೈ ನಡುಗುತ್ತದೆ. ವಿದ್ಯಾರ್ಥಿ ಮಾತಾಡಿಸಿ ಕುತ್ತಿಗೆ ನೋಡಬೇಕು. ಕೊನೆಗೆ "ಈ ಡಾಕ್ಟರ ಹತ್ತಿರ ಮತ್ತೆ ಬರುತ್ತೀರಾ?" ಅನ್ನುವುದಕ್ಕೆ ನಾನು ಐದಕ್ಕೆ ಅಂಕ ಹಾಕಬೇಕು. 12 ಜನ ಬಂದರು. 11 ಮಂದಿ ಚೆನ್ನಾಗಿ ಮಾತಾಡಿ, ಕುತ್ತಿಗೆ ಮುಟ್ಟಿ "ನಾರ್ಮಲ್" ಅಂದರು. ಒಬ್ಬ ಹುಡುಗ ಮಾತ್ರ ನೀರು ಕುಡಿಸಿ ಮೂರು ಸಲ ಒತ್ತಿದ. ಮುಖ ಬಿಳುಚಿತು, ಮಾತು ನಿಂತಿತು. ನನ್ನ ಕಡೆ ನೋಡದೆ ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಎಡಗಡೆ ನಾಡ್ಯೂಲ್, ಅಂದರೆ ಗಂಟು, ಅಂದ. ಅವರು "ಮುಂದುವರಿಸಿ" ಅಂದರು. ನನಗೆ ಹೆದರಿಕೆಯಾಗಿ ಅವನಿಗೆ ಎರಡು ಹಾಕಿದೆ. ಈಗ ಕನ್ನಡಿ ಮುಂದೆ ನೀರು ನುಂಗಿದರೆ ಎಡಗಡೆ ಏನೋ ಮೇಲೆ ಏರಿ ಇಳಿದಂತೆ ಕಾಣುತ್ತದೆ. ಯಾರೂ ನನಗೆ ಏನೂ ಹೇಳಲಿಲ್ಲ.

ಶುಭೋದಯ ಅಂಕಲ್: ಅಮ್ಮಾ ಗಾಬರಿ ಬೇಡ. ಧನಿಯಾ ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿ ಕುಡಿಯಿರಿ, 21 ದಿನದಲ್ಲಿ ಥೈರಾಯ್ಡ್ ಬುಡಸಮೇತ ಮಾಯ. ಮಾತ್ರೆ ಬಿಟ್ಟುಬಿಡಬಹುದು. 10 ಜನಕ್ಕೆ ಕಳಿಸಿ.

ಡಾಕ್ಟ್ರು: @ನೇಪಥ್ಯ, ಮೊದಲು ಕುತ್ತಿಗೆ, ಆಮೇಲೆ ಪರೀಕ್ಷೆ.

ನುಂಗಿದಾಗ ಏರಿ ಇಳಿಯುವ ಗಂಟು ಬಹುಪಾಲು ಥೈರಾಯ್ಡಿನದು. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಸಾಮಾನ್ಯ, ಹೆಚ್ಚಿನವು ನಿರಪಾಯಕಾರಿ. ಆದರೆ "ಹೆಚ್ಚಿನವು" ಅನ್ನುವುದನ್ನು ಸ್ಕ್ಯಾನ್ ಹೇಳಬೇಕು, ನಾನಲ್ಲ. ಈ ವಾರ ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ಟಿಎಸ್‌ಎಚ್ ರಕ್ತಪರೀಕ್ಷೆ, ಕುತ್ತಿಗೆಯ ಅಲ್ಟ್ರಾಸೌಂಡ್ ಎರಡನ್ನೂ ಮಾಡಿಸಿ. ಅದರಲ್ಲಿ ಅನುಮಾನವಿದ್ದರೆ ಸಣ್ಣ ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುತ್ತಾರೆ. ದನಿ ಬದಲಾಗಿದೆಯೇ? ನುಂಗಲು ಕಷ್ಟವೇ? ಗಂಟು ಬೇಗ ಬೆಳೆಯುತ್ತಿದೆಯೇ, ಕಲ್ಲಿನಂತಿದೆಯೇ? ಒಂದಕ್ಕೆ ಹೌದು ಅಂದರೂ ನಾಳೆಯೇ ಹೋಗಿ.

@ಶುಭೋದಯ ಅಂಕಲ್, ಧನಿಯಾ ಸಾರಿಗೆ ಹಾಕಿ. ಥೈರಾಯ್ಡ್ ಮಾತ್ರೆ ಬಿಡಿ ಅನ್ನುವ ಸಾಲನ್ನು ಈಗಲೇ ಅಳಿಸಿ. ಅಂಥದ್ದನ್ನು ನಂಬಿ ಮಾತ್ರೆ ಬಿಟ್ಟು, ಮುಖ ಊದಿಕೊಂಡು, ಎಬ್ಬಿಸಿದರೂ ಏಳದ ಸ್ಥಿತಿಯಲ್ಲಿ ಬಂದವರಿಗೆ ನಾನು ಚಿಕಿತ್ಸೆ ಕೊಟ್ಟಿದ್ದೇನೆ.

ಇನ್ನು ಪರೀಕ್ಷೆ. ನಿಮ್ಮ ಪಾತ್ರದ ಚೆಕ್‌ಲಿಸ್ಟಿನಲ್ಲಿ "ಕುತ್ತಿಗೆ: ಸಹಜ" ಅಂತ ಇರುತ್ತದೆ. ಪಾತ್ರಧಾರಿಗೆ ನಿಜವಾಗಿ ಏನೂ ಇರುವುದಿಲ್ಲ ಅಂತ ಮಕ್ಕಳಿಗೂ ಗೊತ್ತು. ಅದಕ್ಕೇ 11 ಜನ ಮುಟ್ಟಿದಂತೆ ಮಾಡಿ ನಾರ್ಮಲ್ ಅಂದರೋ, ನಿಜವಾಗಿ ನೋಡಿಯೂ ಸಿಗಲಿಲ್ಲವೋ, ನನಗೆ ಹೇಳಲಾಗದು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಹಾರ್ಡನ್ ಎಂಬವರು ಓಸ್ಕಿ ಶುರು ಮಾಡಿದ್ದು ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ. ಈ ಹುಡುಗನ ಮಟ್ಟಿಗೆ ಅದೇ ಅಳತೆ ಮುಳುವಾಯಿತು. ಅವನ ಕೈ ಸರಿಯಾಗಿತ್ತು, ಹಾಳೆ ತಪ್ಪಾಗಿತ್ತು.

ಆದರೂ ನಿಮ್ಮ ಎರಡು ಅಂಕ ತಪ್ಪಲ್ಲ. ಗಂಟು ಇದೆಯೋ ಇಲ್ಲವೋ ಅಂತ ನಿಮ್ಮನ್ನು ಯಾರೂ ಕೇಳಲಿಲ್ಲ, ಕೇಳಲೂಬಾರದು. ಕುತ್ತಿಗೆಯ ಮೇಲೆ ಕೈ ಇಟ್ಟವನು ನಿಮ್ಮನ್ನು ಮನುಷ್ಯಳಂತೆ ಕಂಡನೇ ಅಂತ ಕೇಳಿದರು. ಅವನು ಕಾಣಲಿಲ್ಲ. ಗಂಟು ಸಿಕ್ಕ ಕ್ಷಣದಲ್ಲಿ ಅವನ ಪಾಲಿಗೆ ನೀವು ಇಲ್ಲವಾದಿರಿ. ನಾಳೆ ವಾರ್ಡಿನಲ್ಲೂ ಹೀಗೇ ಮಾಡುತ್ತಾನೆ. ಅವನ ಕೈ ಎಷ್ಟು ನಿಖರ ಅನ್ನುವುದನ್ನು ನಮ್ಮಂಥವರು ಹೇಳಬೇಕು. ಆ ಮೌನ ಎಷ್ಟು ಭಾರವಿತ್ತು ಅನ್ನುವುದು ಮಂಚದ ಮೇಲೆ ಮಲಗಿದವರಿಗೆ ಬಿಟ್ಟು ಇನ್ನಾರಿಗೂ ಗೊತ್ತಾಗದು. ಎರಡು ಅಂಕಣ ಬೇರೆಬೇರೆ ಇರಲಿ. ಕೂಡಿಸಿ ಭಾಗಿಸಿದರೆ ಎರಡೂ ಸುಳ್ಳಾಗುತ್ತವೆ.

ನನ್ನ ನಿದ್ದೆ ಕೆಡಿಸುವವನು ಆ ಹುಡುಗ ಅಲ್ಲ, "ಮುಂದುವರಿಸಿ" ಅಂದ ಪರೀಕ್ಷಕ. ಆ ಹೊತ್ತಿಗೆ ಗಂಟೆ ಹೊಡೆಯುತ್ತಿರುತ್ತದೆ, ಮುಂದಿನವನು ಬಾಗಿಲಲ್ಲಿ ಇರುತ್ತಾನೆ, ಒಪ್ಪಿದೆ. ಸಂಜೆ ಐದಕ್ಕೆ ಎಲ್ಲ ಮುಗಿದ ಮೇಲೆ ಬಂದು, ನಿಮ್ಮನ್ನು ಪಕ್ಕಕ್ಕೆ ಕರೆದು, ತಾನೇ ಕೈಯಿಟ್ಟು ನೋಡಿ, ಚೀಟಿ ಬರೆದುಕೊಡಬೇಕಿತ್ತು. ಪಾತ್ರಧಾರಿಗಳನ್ನು ಕರೆಸುವ ಕಾಲೇಜಿನಲ್ಲಿ ಈ ನಿಯಮ ಬರೆದಿಟ್ಟಿರಬೇಕು. ಪರೀಕ್ಷಾ ಸಂಯೋಜಕರಿಗೆ ಲಿಖಿತವಾಗಿ ತಿಳಿಸಿ. ದೂರು ಅನ್ನಬೇಡಿ, ಮಾಹಿತಿ ಅನ್ನಿ, ಓದುತ್ತಾರೆ.

ಹೌಸ್‌ಸರ್ಜನ್: ಅಂದರೆ ನಾನು ಹೇಳಿದ್ದೇ ಸರಿ ಆಯ್ತಲ್ಲ! ರೋಗ ಹಿಡಿದವನಿಗೆ ಎರಡು, ಬಾಯಿಪಾಠದವರಿಗೆ ಐದು.

ಡಾಕ್ಟ್ರು: ಮೇಲಿನದನ್ನು ಪೂರ್ತಿ ಓದಿ.

ಕೆರೆ ಏರಿ: ನಮ್ಮಲ್ಲಿ ನಿಜವಾದ ರೋಗಿಗಳನ್ನೇ ಕೂರಿಸ್ತಾರಲ್ಲ ಸರ್, ಪೂರ್ತಿಯಾಗಿ ನೋಡೋ ಲಾಂಗ್ ಕೇಸ್, ಬೇಗ ನೋಡೋ ಶಾರ್ಟ್ ಕೇಸ್ ಅಂತ. ಅವರನ್ನೂ ಕೇಳಬಹುದಲ್ಲ?

ಡಾಕ್ಟ್ರು: ಕೇಳಬಹುದು, ಕೇಳುವುದಿಲ್ಲ. ಪರೀಕ್ಷೆಯ ಕಾಲಕ್ಕೆ ಪ್ರತಿವರ್ಷ ತಪ್ಪದೆ ಬರುವವರಿದ್ದಾರೆ. ಊದಿದ ಗುಲ್ಮ ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗಿದೆ ಅಂತ ಅವರಿಗೇ ಬಾಯಿಗೆ ಬರುತ್ತದೆ. ಒಬ್ಬ ಅಜ್ಜ ನನ್ನೆದುರೇ ವಿದ್ಯಾರ್ಥಿಗೆ "ಮೈಟ್ರಲ್ ಸ್ಟೆನೋಸಿಸ್, ಎಡಕ್ಕೆ ಮಗ್ಗುಲಾಗಿಸಿ ಕೇಳಪ್ಪಾ" ಅಂತ ತನ್ನ ಹೃದಯದ ಕವಾಟದ ರೋಗವನ್ನು ತಾನೇ ಹೇಳಿಕೊಟ್ಟಿದ್ದ. ಅಜ್ಜ ಪಾಸು.

ರೋಗಿ ಅಂಕ ಹಾಕುವುದು ಹೊಸದೇನೂ ಅಲ್ಲ. 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞ ಚಿತ್ರಕಾರರಿಗೆ ಮಾಡೆಲ್ ಆಗುತ್ತಿದ್ದ ಹೆಂಗಸಿಗೆ ರೋಗಿಯ ಪಾತ್ರ ಕಲಿಸಿ ಪರೀಕ್ಷೆಗೆ ಕೂರಿಸಿದ. ಪತ್ರಿಕೆಗಳು ಗೇಲಿ ಮಾಡಿದವು. ಅವನಿಗೆ ಆ ಯೋಚನೆ ಹುಟ್ಟಿಸಿದ್ದರಲ್ಲಿ ಮುಂಚೆ ಕಂಡಿದ್ದ ಒಬ್ಬ ನಿಜ ರೋಗಿಯೂ ಸೇರಿದ್ದಾನೆ. ಪರೀಕ್ಷೆಗೆ ಬಂದಿದ್ದ ಡಾಕ್ಟರೊಬ್ಬ ಒರಟಾಗಿ ನಡೆದುಕೊಂಡನೆಂದು ಆ ರೋಗಿ ಸೇಡು ತೀರಿಸಿಕೊಂಡಿದ್ದ: ಅಂಗಾಲು ಗೀರಿದಾಗ, ನರದ ತೊಂದರೆಯ ಗುರುತಾಗಿ, ಯಾವ ಕಾಲಿನ ಹೆಬ್ಬೆರಳು ಮೇಲೇಳಬೇಕಿತ್ತೋ ಅದನ್ನು ಬಿಟ್ಟು ಇನ್ನೊಂದನ್ನು ಎತ್ತಿ ತೋರಿಸಿದ. ನಾವು ಅಂಕಪಟ್ಟಿ ಕೊಡಲಿ, ಬಿಡಲಿ, ಅವರು ಹಾಕುತ್ತಲೇ ಇದ್ದಾರೆ.

ತುಂಗೆ ತೀರ: ಸರ್, ನಮ್ಮೂರ ಆಸ್ಪತ್ರೆಯ ಹೌಸ್‌ಸರ್ಜನ್‌ಗಳಿಗೆ ಕನ್ನಡವೇ ಬರಲ್ಲ. ಅದಕ್ಕೆ ಅಂಕ ಇಲ್ವಾ?

ಬೆಳಗಾವಿ ಕುಂದಾ: ನಿಮ್ಮ ಕಡೆಯ ಡಾಕ್ಟ್ರಿಗೆ ನಮ್ಮ ಕನ್ನಡಾನೂ ತಿಳೆಂಗಿಲ್ರಿ. "ಡುಬ್ಬ ಚುಚ್ಚಾಕತ್ತೈತಿ" ಅಂದ್ರ ಟಿಫಿನ್ ಡಬ್ಬಿ ಅನ್ಕೋತಾರ. ಅದು ಬೆನ್ನು!

ತುಂಗೆ ತೀರ: ಅದು ಬೇರೆ ವಿಷಯ. ನಾನು ಹೇಳಿದ್ದು ಹೊರರಾಜ್ಯದವರ ಬಗ್ಗೆ.

ಬೆಳಗಾವಿ ಕುಂದಾ: ಬ್ಯಾರೆ ಹ್ಯಾಂಗ ಆಗತೈತ್ರಿ? ಅಂಕ ಹಾಕೋ ಮುದುಕಿ ನಮ್ಮಾಕಿ ಆದ್ರ ನಿಮ್ಮ ಮೈಸೂರು ಹುಡುಗನೂ ಫೇಲ್.

ಹೊರನಾಡ ಹುಡುಗ: ನಾನು ಹೊರರಾಜ್ಯದವನೇ. ಕನ್ನಡ ಕಲ್ತಿದ್ದೀನಿ. ಪ್ರತಿ ಥ್ರೆಡ್‌ನಲ್ಲೂ ನಮಗೆ ಬೈಯೋದು ಯಾಕೆ?

ಅಡ್ಮಿನ್: ಭಾಷಾ ಜಗಳ ಸಾಕು. 14 ಕಾಮೆಂಟ್ ಅಳಿಸಿದ್ದೇನೆ.

ಡಾಕ್ಟ್ರು: 2019ರ ಎಂಬಿಬಿಎಸ್ ಪಠ್ಯಕ್ರಮದ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಇದೆ. ನಡತೆ, ನೀತಿ, ಸಂವಹನಕ್ಕೆ ಎಟ್‌ಕಾಮ್ ಅಂತ ಪ್ರತ್ಯೇಕ ಪಾಠವೂ ಇದೆ. ಆ ಪಾಠದ ಅಂಕವನ್ನು ಡಾಕ್ಟರೇ ಹಾಕುತ್ತಾರೆ, ಅನೇಕ ಸಲ ಬರವಣಿಗೆ ನೋಡಿ. ಕರುಣೆಯ ಬಗ್ಗೆ ಎರಡು ಪುಟ ಬರೆದರೆ ಮುಗಿಯಿತು.

ಎಗ್ಸಾಂ ಟೆನ್ಷನ್: ಸರ್, ಗ್ರೂಪಲ್ಲಿ ಒಂದು ಪಿಡಿಎಫ್ ಬಂದಿದೆ, "ಈ 20 ವಾಕ್ಯ ಹೇಳಿದರೆ ರೋಗಿ ಪೂರ್ತಿ ಅಂಕ ಕೊಡ್ತಾರೆ" ಅಂತ. "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಮೂರು ಸಲ ಹೇಳಬೇಕಂತೆ. ನಿಜವಾ?

ಡಾಕ್ಟ್ರು: ಇದೂ ಧನಿಯಾ ನೀರೇ.

ಶುಭೋದಯ ಅಂಕಲ್: ಎಲ್ಲದಕ್ಕೂ ಧನಿಯಾ ಯಾಕೆ ಎಳೀತೀರಿ ಡಾಕ್ಟ್ರೇ? ನನ್ನ ಹೆಂಡತಿಗೆ ಗುಣ ಆಗಿದೆ. ನಿಮ್ಮದು ಔಷಧ ಕಂಪನಿ ಭಾಷೆ.

ಡಾಕ್ಟ್ರು: ನಿಮ್ಮ ಮನೆಯವರ ಟಿಎಸ್‌ಎಚ್ ರಿಪೋರ್ಟ್ ತನ್ನಿ, ಮಾತಾಡೋಣ. ಇಲ್ಲಿ ಅಲ್ಲ.

ತವರಿನ ದಾರಿ: ಸರ್, ಸ್ತನ ಪರೀಕ್ಷೆ, ಒಳಪರೀಕ್ಷೆ ಇದಕ್ಕೆಲ್ಲ ಹೆಂಗಸರನ್ನು ಹೀಗೇ ಕರೆಸ್ತಾರಾ? ಒಪ್ಪಿಗೆ ಹೇಗೆ ತಗೋತಾರೆ?

ಹೊಸಬ: ಸರ್, ಜನಸಾಮಾನ್ಯರು ಡಾಕ್ಟರಿಗೆ ಅಂಕ ಕೊಡೋದು ಎಲ್ಲಾದರೂ ಇದೆಯಾ?

ಡಾಕ್ಟ್ರು: ಮೊದಲ ಉತ್ತರ.

ಹೌಸ್‌ಸರ್ಜನ್: ನಾಳೆಯಿಂದ ಪೈಲಟ್‌ಗೆ ಪ್ರಯಾಣಿಕರು ಅಂಕ ಕೊಡಲಿ.

ತವರಿನ ದಾರಿ: ಪೈಲಟ್ ನಮ್ಮ ಬಟ್ಟೆ ಬಿಚ್ಚಿಸಲ್ಲ.

ಹೌಸ್‌ಸರ್ಜನ್: ಮೇಡಂ, ಮಾತು ಮೀರ್ತಾ ಇದೆ.

ನೇಪಥ್ಯ: ಡಾಕ್ಟ್ರೇ, ಸ್ಕ್ಯಾನ್ ಮಂಗಳವಾರಕ್ಕೆ ಸಿಕ್ಕಿದೆ. ದನಿ ಸರಿಯಿದೆ, ನುಂಗಲು ತೊಂದರೆ ಇಲ್ಲ. ಸಂಯೋಜಕರಿಗೆ ಪತ್ರ ಬರೆದೆ. ಅದರಲ್ಲೇ ಆ ಹುಡುಗನ ಎರಡನ್ನು ನಾಲ್ಕು ಮಾಡಿ ಅಂತ ಸೇರಿಸಲಾ? ಮನಸ್ಸು ಒಪ್ಪುತ್ತಿಲ್ಲ.

ಡಾಕ್ಟ್ರು: ಎರಡು ಹಾಗೇ ಇರಲಿ. ಕುತ್ತಿಗೆ ಪರೀಕ್ಷೆಯ ಅಂಕ ಮರುಪರಿಶೀಲಿಸಿ ಅಂತ ಬರೆಯಿರಿ, ಸ್ಕ್ಯಾನ್ ರಿಪೋರ್ಟ್ ಲಗತ್ತಿಸಿ. ಸಾಧ್ಯವಾದರೆ ಆ ಹುಡುಗನಿಗೆ ಎರಡು ಯಾಕೆ ಬಂತು ಅಂತ ನೀವೇ ಹೇಳಿ. ನಾನು ಹೇಳಿದರೆ ಅದು ಪಾಠವಾಗುತ್ತದೆ. ಮಂಗಳವಾರ ರಿಪೋರ್ಟ್ ಬಂದ ಮೇಲೆ ನನಗೆ ಖಾಸಗಿಯಾಗಿ ಕಳಿಸಿ.

ಹೊಸಬ: ಧನಿಯಾ ನೀರು ಖಾಲಿ ಹೊಟ್ಟೆಗಾ, ತಿಂಡಿ ಆದಮೇಲಾ?

ಅಡ್ಮಿನ್: ಕಾಮೆಂಟ್ ಮುಚ್ಚಲಾಗಿದೆ.